ಬೇಕು, ಬೇಡ, ಪರವಾಗಿಲ್ಲ

“ಅದು ‘ಬೇಕು’ ಗುಂಪಿಗೆ ಹೋಗುತ್ತೆ, ನನಗೊತ್ತಿಲ್ವಾ?” ಎನ್ನುತ್ತ ಹೆಂಡತಿ, ಗಂಡನ ಮುಂದಿದ್ದ ಚಿತ್ರದ ಕಾರ್ಡನ್ನು ತಾನೇ ಸರಿಸಿದಳು. ಕಾರ್ಡಿನಲ್ಲಿ ಮನೆಗೆ ಬಂದ ನೆಂಟರು ನಗುತ್ತ ಕುಳಿತಿದ್ದರು.

“ಅಮ್ಮಾ, ಅವರೇ ಇಡಲಿ. ಇದರಲ್ಲಿ ಸರಿ ತಪ್ಪು ಅಂತ ಏನೂ ಇಲ್ಲ,” ಎಂದಳು ಸಂಶೋಧನೆಗೆ ಬಂದಿದ್ದ ಹುಡುಗಿ. ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ ಏನು ಬೇಕೆಂದು ಅವರಿಂದಲೇ ತಿಳಿಯಲು ಹೊರಟವಳು ಅವಳು. ಇಪ್ಪತ್ತು ಕಾರ್ಡು, ಮೂರು ಗುಂಪು: ಬೇಕು, ಬೇಡ, ಪರವಾಗಿಲ್ಲ.

“ಇಡಲಿ ಬಿಡಮ್ಮ, ಯಾರು ಬೇಡ ಅಂದರು? ಆದರೆ ಮೂರು ವರ್ಷದಿಂದ ಇವರ ಬಾಯಿ ನಾನೇ. ಕಣ್ಣು ಮಿಟುಕಿಸಿದರೆ ಸಾಕು, ನೀರೋ ಹೊದಿಕೆಯೋ ಹೇಳಿಬಿಡ್ತೀನಿ.”

ಒಂದು ಕಾಲಕ್ಕೆ ಇಕ್ಕಟ್ಟಾದ ತಿರುವುಗಳಲ್ಲಿ ಉದ್ದನೆಯ ಬಸ್ಸು ತಿರುಗಿಸುತ್ತಿದ್ದ ಡ್ರೈವರು, ಆಕೆಯ ಗಂಡ, ಎಡಗೈಯ ಎರಡು ಬೆರಳಿಂದ ನೆಂಟರನ್ನು ಮೇಜಿನುದ್ದಕ್ಕೂ ತಳ್ಳಿಕೊಂಡು ಹೋಗಿ ‘ಬೇಡ’ಕ್ಕೆ ಸೇರಿಸಿದರು. “ಕೈ ತಪ್ಪಿರಬೇಕು,” ಎಂದು ಹೆಂಡತಿ ಹಿಂದಕ್ಕೆ ತಂದಳು. ಅವರು ಮತ್ತೆ ತಳ್ಳಿದರು. ಅವಳಿಗೆ ನಗು ಬಂತು. “ವಾರವಾರ ಬಂದು ತಲೆ ತಿನ್ನೋನು ನನ್ನ ತಮ್ಮ. ಅವನ ಕಿವಿಗೆ ಹಾಕಬೇಡಮ್ಮ ಮತ್ತೆ!”

ರಸ್ತೆಯ ಚಿತ್ರ ‘ಬೇಕು’ ಆಯಿತು. ಅವರಿಗೆ ಹೊತ್ತು ಹೋಗಲೆಂದು ಅವಳು ದಿನವಿಡೀ ಹಚ್ಚಿಡುತ್ತಿದ್ದ ಟೀವಿ ‘ಬೇಡ’ವಾಯಿತು. ಅವಳ ನಗು ಸಣ್ಣಗಾಯಿತು.

ಮುಂದಿನ ಕಾರ್ಡಿನಲ್ಲಿ ಒಂದು ಕೈ ಇನ್ನೊಬ್ಬರ ಬಾಯಿಗೆ ಚಮಚ ಹಿಡಿದಿತ್ತು. ಇದಂತೂ ತನ್ನದೇ ಎಂದು ಹೆಂಡತಿ ಸೆರಗು ಸರಿಮಾಡಿಕೊಂಡು ಕೂತಳು. ಡ್ರೈವರು ಕಾರ್ಡನ್ನು ಬಹಳ ಹೊತ್ತು ನೋಡಿದರು. ಅವಳ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ‘ಬೇಡ’ಕ್ಕೆ ತಳ್ಳಿದರು.

“ಅಂದರೆ ಇಷ್ಟು ದಿನ ನಾನು ಕೊಟ್ಟ ತುತ್ತೆಲ್ಲ ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡಿತ್ತಾ?” ಅವಳ ದನಿ ಒಡೆಯಿತು. ಅವರು ಇಲ್ಲವೆಂದು ತಲೆಯಾಡಿಸಿದರು. ಸುತ್ತ ತಡಕಾಡಿ, ಹುಡುಗಿಯ ಪೆನ್ನನ್ನು ಎತ್ತಿ ಚಮಚದಂತೆ ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ನಡುಗುತ್ತ ನಡುಗುತ್ತ ತಮ್ಮ ತುಟಿಯವರೆಗೂ ಒಯ್ದರು. ಹುಡುಗಿ ಏನನ್ನೂ ಬರೆದುಕೊಳ್ಳಲಿಲ್ಲ; ಬರೆಯಲು ಅವಳ ಬಳಿ ಪೆನ್ನೂ ಇರಲಿಲ್ಲ.

“ಇವರಿಗೆ ಬಾಯಿಬಿಟ್ಟು ಹೇಳೋಕಾಗಲ್ಲ ಸರಿ,” ಎಂದಳು ಹೆಂಡತಿ ಕಣ್ಣೊರೆಸಿಕೊಂಡು, “ನಾನಾದರೂ ಒಂದು ಮಾತು ಕೇಳಬಹುದಿತ್ತು.”

ಹುಡುಗಿ ಹೋದ ಮೇಲೆ ಅವಳು ತಟ್ಟೆಗೆ ಅನ್ನ ಬಡಿಸಿ, ಚಮಚವನ್ನು ಅವರ ಎಡಗೈಗೆ ಕೊಟ್ಟಳು. ಮೊದಲ ತುತ್ತು ಗಲ್ಲಕ್ಕೆ ತಾಗಿತು. ಎರಡನೆಯದು ಅಂಗಿಯ ಮೇಲೆ ಚೆಲ್ಲಿತು. ಮೂರನೆಯದನ್ನು ಅವರು ಮೆಲ್ಲಗೆ ಎತ್ತತೊಡಗಿದಾಗ, ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು.