ದೀಪ ಹಾಕದ ಕೋಣೆ

ಒಳಕೋಣೆಯಲ್ಲಿ ಹಾಳೆ ಮಗುಚುವ ಸದ್ದು. ಸಂಜೆಗತ್ತಲು ಕವಿದಿದ್ದರೂ ನೂರೀನ್ ದೀಪ ಹಾಕಿರಲಿಲ್ಲ.

ಅಮೀರುನ್ನೀಸಾ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಕಾಲೇಜಿಗೆ ಹೋಗುವ ಮಗಳು ಕತ್ತಲಲ್ಲಿ ಕೂತು ಓದುವಂಥದ್ದೇನು? ಯಾರು ಬರೆದದ್ದು? ಈಚೆಗೆ ಹುಡುಗಿಗೆ ಮೈಮೇಲೆ ಗ್ಯಾನವೇ ಇಲ್ಲ. ಚಹಾವನ್ನು ಲೋಟದ ಹೊರಗೆ ಸುರಿಯುತ್ತಾಳೆ, ಹೊಸ್ತಿಲು ಎಡವುತ್ತಾಳೆ, ಹೊಸ ಕನ್ನಡಕವಿದ್ದರೂ ಪಕ್ಕದಲ್ಲಿ ನಿಂತವರನ್ನು ನೋಡುವುದಿಲ್ಲ. ಯಾವನೋ ತಲೆ ಕೆಡಿಸಿದ್ದಾನೆ.

ಹೋದ ವರ್ಷ ಕಾಲೇಜಿನಲ್ಲಿ ಕಣ್ಣಿನ ಕ್ಯಾಂಪು ನಡೆದಾಗ ಇದೇ ಹುಡುಗಿ ಕೇಳಿದ್ದಳು: "ಅಮ್ಮೀ, ನಮ್ಮನೇಲಿ ಯಾರ್ಗಾದ್ರೂ ಕಣ್ಣಿನ ಕಾಯ್ಲೆ ಐತಾ?"

ಅಮೀರುನ್ನೀಸಾಳ ನೋಟದ ಅಂಚುಗಳು ಮಂಜಾಗುತ್ತಾ ಬಂದು ವರ್ಷಗಳಾಗಿದ್ದವು. ನೂಲು ತೆಗೆಯುವ ಕಾರ್ಖಾನೆಯಲ್ಲಿ, ಬಿಸಿನೀರಿನ ತೊಟ್ಟಿಯಲ್ಲಿ ತೇಲುವ ರೇಷ್ಮೆಗೂಡಿನ ಎಳೆ ಕಣ್ಣಿಗೆ ಸಿಗದೆ ಬೆರಳಲ್ಲಿ ತಡಕುತ್ತಿದ್ದಳು; ಬೆರಳೂ ಬೆಂದು ಮರಗಟ್ಟಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಮಗಳು ಓದು ಬಿಟ್ಟು ಅದೇ ತೊಟ್ಟಿಯ ಮುಂದೆ ಕೂರುತ್ತಾಳೆ.

"ಯಾರ್ಗೂ ಇಲ್ಲ. ನಂದು ಹದ್ದಿನ ಕಣ್ಣು ಕಣೇ," ಎಂದುಬಿಟ್ಟಿದ್ದಳು.

ಈಗ ಬಾಗಿಲು ತಳ್ಳಿ, ದೀಪ ಹಾಕಿ, ಮಗಳ ಮಡಿಲಿನ ದಪ್ಪ ಪುಸ್ತಕ ಕಿತ್ತುಕೊಂಡಳು. ಮೂಗಿನ ಹತ್ತಿರ ಹಿಡಿದಳು.

ಬಿಳಿ. ಹಾಳೆ ಮಗುಚಿದಳು. ಮತ್ತೆ ಬಿಳಿ. ತನ್ನ ಹೆಬ್ಬೆರಳು ಕಾಣುತ್ತಿದೆ, ಅಕ್ಷರ ಮಾತ್ರ ಒಂದೂ ಇಲ್ಲ. ಯಾ ಅಲ್ಲಾ, ಕಣ್ಣು ಇಷ್ಟು ಬೇಗ ಹೋಗಿಬಿಟ್ಟಿತೇ!

"ಏನೇ ಇದು, ಕದ್ದು ಓದೋದು?"

"ಏನ್ ಬರ್ದೈತೆ, ನೀನೇ ಓದ್ ಹೇಳು ಅಮ್ಮೀ."

ಹಿಂದೆ ಸರಿಯಲು ಜಾಗವೇ ಇಲ್ಲ. "ನಾನ್ಯಾಕೆ ಓದಿ ಹೇಳ್ಲಿ? ಅಕ್ಷರ ಇಷ್ಟಿಷ್ಟ್ ದಪ್ಪ ಕಾಣ್ತಾವೆ. ಎಲ್ಲಾ ಗೊತ್ತಾಯ್ತು!"

ನೂರೀನ್ ತಾಯಿಯ ಬೆರಳು ಹಿಡಿದು ಹಾಳೆಯ ಮೇಲಿಟ್ಟಳು. "ಅದ್ರಲ್ಲಿ ಶಾಯೀನೇ ಇಲ್ಲ. ಕಣ್ಣು ಕಾಣ್ದೋರು ಕೈಯಲ್ಲಿ ಓದೋ ಪುಸ್ತಕ ಅದು. ಬರೀ ಉಬ್ಬಿರೋ ಚುಕ್ಕಿ."

ಅಮೀರುನ್ನೀಸಾ ಕುಸಿದು ಕೂತಳು. ಅವಮಾನದ ಹಿಂದೆಯೇ ಎದೆಯ ಭಾರ ಇಳಿದಂತಾಗಿ ಅಳು ಬಂತು. "ಗೊತ್ತಾಗ್ಬುಡ್ತಾ ನಿಂಗೆ? ನಂಗೋಸ್ಕರ ಇದ್ನ ಕಲಿತ್ಯಾ, ಬೇಟಿ?"

ನೂರೀನಳ ಕೈ ಗಾಳಿಯಲ್ಲಿ ತಡಕುತ್ತಾ ಬಂದು ತಾಯಿಯ ಕೆನ್ನೆ ಮುಟ್ಟಿತು.

"ನಿಂಗೂ ಐತಾ, ಅಮ್ಮೀ? ಮನೇಲಿ ಯಾರ್ಗೂ ಇಲ್ಲ ಅಂದಿದ್ಕೇ ಕ್ಯಾಂಪ್ ಡಾಕ್ಟ್ರು ನಂಗೆ ಬರೀ ಕನ್ನಡಕ ಬರ್ಕೊಟ್ಟು ಕಳಿಸ್ಬುಟ್ರು."