ಇವತ್ತು ನೀವೇ ನಾಮಪದ

ಜೋಡಿ ಮೇಷ್ಟ್ರು ತರಗತಿಗೆ ಕಾಲಿಟ್ಟಾಗ ಮಕ್ಕಳೆಲ್ಲ ದಡಬಡ ಎದ್ದು ನಿಂತರು. ಕೊನೆಯ ಬೆಂಚಿನಲ್ಲಿದ್ದ ಹೊಸ ಟೀಚರೂ ಎದ್ದಳು. ಮೇಷ್ಟ್ರು ಲಕ್ವ ಹೊಡೆದು ಮಲಗಿದ ಮೇಲೆ ಫ್ರೆಂಚ್ ಪಾಠ ಮಾಡುತ್ತಿದ್ದವಳು ಅವಳೇ. ಇನ್ನು ಮುಂದೆ ಅವರಿಂದ ಪಾಠ ಆಗುತ್ತದೋ ಇಲ್ಲವೋ ನೋಡಿ ಹೇಳು ಎಂದು ಹೆಡ್ ಮಿಸ್ ಅವಳನ್ನೇ ಕೂರಿಸಿದ್ದರು. ಶಾಲೆಯಲ್ಲಿ ಫ್ರೆಂಚ್ ಬಲ್ಲವರು ಬೇರೆ ಯಾರಿದ್ದಾರೆ? ಆಗುವುದಿಲ್ಲ ಎಂದರೆ ಕೆಲಸ ಅವಳಿಗೇ ಖಾಯಂ. ಒಳ್ಳೆ ಇಕ್ಕಟ್ಟಿಗೆ ಸಿಕ್ಕಿಸಿದರಲ್ಲ ಎಂದು ಅವಳು ಬೆಳಗಿನಿಂದ ಚಡಪಡಿಸುತ್ತಿದ್ದಳು.

ಮೇಷ್ಟ್ರಿಗೆ ಮಾತು ಮರಳಿತ್ತು. ಬಲಗೈ ಮಾತ್ರ ಹೇಳಿದ ಮಾತು ಕೇಳದೆ ಕೋಟಿನ ಜೇಬಿನಲ್ಲಿ ಬಿದ್ದುಕೊಂಡಿತ್ತು.

"ಎಲ್ಲಿಗೆ ನಿಲ್ಸಿದ್ವಿ?"

"ವಿಶೇಷಣ, ಸರ್! ಜೋಡಿ ಆಟ ಆಡ್ಸಿ ಸರ್!"

ಫ್ರೆಂಚಿನಲ್ಲಿ ನಾಮಪದ ಸ್ತ್ರೀಲಿಂಗವಾದರೆ ಅದರ ವಿಶೇಷಣವೂ ಸ್ತ್ರೀಲಿಂಗ, ಅದು ಬಹುವಚನವಾದರೆ ಇದೂ ಬಹುವಚನ. ಇದನ್ನೇ ಅವಳು ಕೋಷ್ಟಕ ಬರೆದು, ಗಂಟಲು ಹರಿದುಕೊಂಡು ಹೇಳಿದ್ದಳು; ಮಕ್ಕಳು ಆಕಳಿಸಿದ್ದರು. ಮೇಷ್ಟ್ರ ಆಟದಲ್ಲಿ ಒಬ್ಬರು ನಾಮಪದ, ಹಿಂದೆ ನಿಂತವರು ವಿಶೇಷಣ. ಸ್ತ್ರೀಲಿಂಗದ ನಾಮಪದ ಶಾಲು ಹೊದೆಯಬೇಕು; ಮುಂದಿನವರು ಮಾಡಿದ್ದನ್ನೆಲ್ಲ ಹಿಂದಿನವರು ಮಾಡಬೇಕು, ತಪ್ಪಿದರೆ ಔಟ್. ಅವರಿಗೆ ಆ ಅಡ್ಡಹೆಸರು ಬಂದದ್ದೂ ಅದರಿಂದಲೇ.

"ಫ್ರೆಂಚರಿಗೆ ಮನೆ ಅಂದ್ರೆ ಹೆಣ್ಣು ಕಣೋ. ಮನೆ ಆಗ್ಲೇ ಶಾಲು ಹೊದ್ದು ನಿಂತಿದೆ, ಬಿಳಿ ಬಣ್ಣಕ್ಕೆ ಮಾತ್ರ ಏನು ದಾಡಿ? ಹೊದ್ಕೋ ಬೇಗ!" ಎಂದು ಮೇಷ್ಟ್ರು 'ಬಿಳಿ' ಆಗಿ ಹಿಂದೆ ನಿಂತ ಹುಡುಗನನ್ನು ಗದರಿದರು.

ತರಗತಿ ನಕ್ಕು ನಕ್ಕು ಸುಸ್ತಾಯಿತು. ತಿಂಗಳುಗಟ್ಟಲೆ ಅವಳು ತಲೆ ಚಚ್ಚಿಕೊಂಡಿದ್ದ ವಿಷಯ ಕಣ್ಣೆದುರೇ ಮಕ್ಕಳ ತಲೆಗೆ ಇಳಿಯುತ್ತಿತ್ತು. ಎಂಥಾ ಮೇಷ್ಟ್ರಪ್ಪಾ ಇವರು! ಹೊಟ್ಟೆಕಿಚ್ಚು ಪಡಲೂ ಅವಳಿಗೆ ಮನಸ್ಸಾಗಲಿಲ್ಲ.

ಆಮೇಲೆ ಅವರು ಬೋರ್ಡಿನ ಕಡೆ ತಿರುಗಿ ಎಡಗೈಯಲ್ಲಿ ಸೀಮೆಸುಣ್ಣ ಹಿಡಿದರು. ಅದು ಜಾರಿ ಬಿದ್ದು ಎರಡು ತುಂಡಾಯಿತು. ಬಗ್ಗಿ ಹೆಕ್ಕಿಕೊಂಡು ಬರೆದರು. ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅವರ ಕತ್ತು ಬೆವರಿತ್ತು.

"ಓದೋಕಾಗುತ್ತೇನ್ರೋ?" ತಿರುಗದೆಯೇ ಕೇಳಿದರು. ದನಿ ಸಣ್ಣಗಾಗಿತ್ತು.

ಮುಂದಿನ ಬೆಂಚಿನ ತರಲೆ ಹುಡುಗಿ ಎದ್ದಳು.

"ಸರ್, ಆಟ ಇನ್ನೂ ಮುಗ್ದಿಲ್ಲ ಅಲ್ವಾ? ಇವತ್ತು ನೀವೇ ನಾಮಪದ."

ಹಾಗೆಂದವಳೇ ಕೂತು, ಪೆನ್ನನ್ನು ಎಡಗೈಗೆ ತೆಗೆದುಕೊಂಡಳು. ಪಕ್ಕದವಳೂ ತೆಗೆದುಕೊಂಡಳು. ಬೆಂಚಿನಿಂದ ಬೆಂಚಿಗೆ ಪೆನ್ನುಗಳು ಕೈ ಬದಲಿಸಿದವು.

"ಅಯ್ಯೋ, ನಂದು ನಿಮ್ಗಿಂತ ಸೊಟ್ಟ ಸರ್!" ಎಂದು ಯಾರೋ ಕೂಗಿದರು. ಮೇಷ್ಟ್ರು ತಿರುಗಿ ನೋಡಿದರು. ತುಂಬಾ ಹೊತ್ತು ನೋಡಿ, ಕನ್ನಡಕ ಒರೆಸಿಕೊಂಡು ಎರಡನೆಯ ಸಾಲಿಗೆ ಕೈ ಹಾಕಿದರು.

ಬೆಲ್ ಹೊಡೆದಾಗ ಹೆಡ್ ಮಿಸ್ ಹಿಂದಿನ ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ಆಗುತ್ತಾ ಇವರಿಂದ?"

"ಅವರೇ ಮಾಡ್ಲಿ ಮೇಡಂ. ನಾನಿನ್ನೂ ಕಲೀತಿದ್ದೀನಿ," ಎಂದು ಹೊಸ ಟೀಚರ್ ಪೆನ್ನಿಗೆ ಮುಚ್ಚಳ ಹಾಕಲು ಹೋದಳು.

ಪೆನ್ನು ಅವಳ ಎಡಗೈಯಲ್ಲಿತ್ತು.