ಬಾಣದ ಬೋರ್ಡು

ಅದೇ ಔಷಧಿ ಅಂಗಡಿಯ ಮುಂದೆ ಮತ್ತೆ ಬಂದು ನಿಂತಾಗ ಕಂಡಕ್ಟರಕ್ಕನ ತಾಳ್ಮೆ ಕೈಕೊಟ್ಟಿತು. ಊರಿನ ಬಸ್‌ಸ್ಟಾಪುಗಳನ್ನೆಲ್ಲ ನಿದ್ದೆಗಣ್ಣಲ್ಲೂ ಕೂಗಬಲ್ಲವಳಿಗೆ ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಸಿಗುತ್ತಿಲ್ಲವೆಂದರೆ! ಕುಡಿತ ಬಿಡುವವರ ಸಭೆ ಸಂಜೆ ಅಲ್ಲೇ ಸೇರುತ್ತದೆ, ಮೆಟ್ಟಿಲ ಹತ್ತಿರ ಬೋರ್ಡು ಹಾಕಿರಬೇಕು ನೋಡಿ ಎಂದು ಫೋನಿನಲ್ಲಿ ಯಾರೋ ಹೇಳಿದ್ದರು. ಬೀದಿ ತುಂಬ ಬೋರ್ಡುಗಳೇ. ಹಲ್ಲಿನ ಡಾಕ್ಟರದ್ದು, ಟೈಪಿಂಗ್ ಕ್ಲಾಸಿನದು, ಕನ್ನಡಕದ ಅಂಗಡಿಯದು. ಬೇಕಾದದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

ಹಿಂದೆ ಕೈಕಟ್ಟಿಕೊಂಡು ಬರುತ್ತಿದ್ದ ತಮ್ಮನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಬೋರ್ಡು ಬರೆಯುವ ಪೇಂಟರು ಅವನು. ಆ ಅಕ್ಷರ ಸೊಟ್ಟ, ಈ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ ಎಂದು ಗೋಡೆಗಳ ತಪ್ಪು ಹುಡುಕುತ್ತ ಬರುತ್ತಿದ್ದ. ಅಕ್ಕ ವರ್ಷಗಟ್ಟಲೆ ಬೈದು, ಅತ್ತು, ಮಾತು ಬಿಟ್ಟು, ಮತ್ತೆ ತಾನೇ ಮಾತಾಡಿಸಿ ಸುಸ್ತಾದ ಮೇಲೆ ಇವತ್ತು ಬೆಳಿಗ್ಗೆ ಅದೇನು ಮನಸ್ಸಿಗೆ ಬಂತೋ, ಒಂದೇ ಒಂದು ಸಲ ಬರುತ್ತೇನೆ, ಆಮೇಲೆ ಕರೆಯಬಾರದು ಎಂದಿದ್ದ. ಆ ಒಂದು ಸಲವೂ ಈ ಹಾಳು ಬೀದಿಯಲ್ಲೇ ಕರಗಿಹೋಗುತ್ತಿದೆಯಲ್ಲ ಎಂದು ಅವಳು ಇನ್ನಷ್ಟು ಬಿರಬಿರನೆ ಹೆಜ್ಜೆ ಹಾಕಿದಳು. ಇನ್ನೇನು ಕತ್ತಲಾಗುತ್ತದೆ, ಅವನ ಕೈ ನಡುಗಲು ಶುರುವಾಗುತ್ತದೆ.

ಕೇಳುವುದಾದರೂ ಹೇಗೆ? ಔಷಧಿ ಅಂಗಡಿಯವನ ಹತ್ತಿರ ಮೆಲ್ಲಗೆ ವಿಚಾರಿಸಿದರೆ, ಆ ಮಹಾನುಭಾವ ಅವಳನ್ನೇ ಅಡಿಯಿಂದ ಮುಡಿಯವರೆಗೆ ನೋಡಿ, ನಿಂತವರಿಗೆಲ್ಲ ಕೇಳಿಸುವಂತೆ "ಕುಡಿಯೋದು ನೀವೇನಮ್ಮಾ?" ಎಂದಿದ್ದ. ಟೈಪಿಂಗ್ ಕ್ಲಾಸಿನ ಮೇಡಂ, ಇದು ಮರ್ಯಾದಸ್ಥರ ಬೀದಿ ಎಂದು ಬಾಗಿಲು ಹಾಕಿಕೊಂಡಿದ್ದಳು.

"ಸಿಗಲಿಲ್ಲ ಅಂದ್ರೆ ಬಿಡಕ್ಕ, ಮನೆಗೆ ಹೋಗೋಣ," ಎಂದ ತಮ್ಮ. "ನಾನಂತೂ ಬಂದೆ ತಾನೇ?"

"ಸುಮ್ನೆ ನಡಿ. ಹಿಡಿದ ಕೆಲಸ ಯಾವತ್ತು ಮುಗಿಸಿದ್ದೀಯ ನೀನು? ಮನೇಲಿ ನೀರಿನ ಡ್ರಮ್ಮಿಗೆ ಮುಚ್ಚಿರೋ ಬೋರ್ಡನ್ನೇ ನೋಡು. ನೀಲಿ ಬಳಿದು, ಒಂದು ಬಾಣ ಬರೆದು ಎತ್ತಿಟ್ಟಿದ್ದೀಯ. ಒಂದಕ್ಷರ ಬರೆಯೋಕೆ ಕೈ ಬರಲಿಲ್ಲ."

"ಅದು ಇರೋದೇ ಅಷ್ಟು," ಎಂದು ಅವನು ಗೊಣಗಿದ. ಕುಡುಕರ ಸಬೂಬಿಗೆ ಕೊನೆ ಎಲ್ಲಿ ಎಂದುಕೊಂಡು ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊನೆಗೆ ಮಾನ ಮರ್ಯಾದೆ ಎಲ್ಲ ಬದಿಗಿಟ್ಟು, ಬ್ಯಾಗನ್ನು ತಮ್ಮನ ಕೈಗೆ ತುರುಕಿ, ಇಲ್ಲಿಂದ ಕದಲಿದರೆ ಜೋಕೆ ಎಂದು ಹೇಳಿ, ಬೀದಿ ಮೂಲೆಯ ಬಾರಿಗೇ ನುಗ್ಗಿದಳು. ಗಲ್ಲಾದಲ್ಲಿ ಕೂತವನು ಹುಬ್ಬು ಕೂಡ ಏರಿಸಲಿಲ್ಲ. ಪಕ್ಕದ ಸಂದಿಯಲ್ಲಿ ಹೋಗಿ, ಕೊನೆಯಲ್ಲಿ ಮೆಟ್ಟಿಲಿದೆ ಎಂದು ಸಲೀಸಾಗಿ ಹೇಳಿದ. "ಎಲ್ಲ ನಮ್ಮ ಹಳೇ ಗಿರಾಕಿಗಳೇ ಅಮ್ಮ. ಒಳ್ಳೇ ಜನ." ಹೊರಗೆ ಬಂದಾಗ ತಮ್ಮ ಬಾರಿನ ಬಾಗಿಲಿಗೆ ಬೆನ್ನು ಮಾಡಿ, ಬ್ಯಾಗನ್ನು ಎದೆಗವಚಿಕೊಂಡು ಅಲ್ಲೇ ನಿಂತಿದ್ದ. ಅವಳಿಗೆ ಜೀವ ಬಂದಂತಾಯಿತು.

ಮೇಲೆ ಸಣ್ಣ ಕೋಣೆ, ಸುತ್ತಲೂ ಮಡಚುವ ಕುರ್ಚಿಗಳು. ಕೂತವರಲ್ಲಿ ವಯಸ್ಸಾದವರೊಬ್ಬರು ಎದ್ದು ಬನ್ನಿ ಎಂದರು. ಇಷ್ಟು ಹೊತ್ತು ಅದುಮಿಟ್ಟ ಸಿಟ್ಟೆಲ್ಲ ಪಾಪ ಅವರ ಮೇಲೆ ಸುರಿಯಿತು.

"ಒಂದು ಬೋರ್ಡು ಹಾಕೋಕೆ ಏನ್ರೀ ಕಷ್ಟ ನಿಮಗೆ? ಇವನು ಒಂದೇ ಸಲ ಬರ್ತೀನಿ ಅಂತ ಹಟ ಹಿಡಿದು ಬಂದಿದ್ದಾನೆ. ಕೊನೆಗೆ ಬಾರಿನವರನ್ನ ದಾರಿ ಕೇಳೋ ಹಾಗಾಯ್ತು!"

ಹಿರಿಯರು ನಕ್ಕರು. ಬೋರ್ಡಿಗೆ ಹೇಳಿ ವರ್ಷದ ಮೇಲಾಯಿತಂತೆ. ಬರುವವರಿಗೆ ಸಂಕೋಚ ಆಗದಿರಲಿ, ಹೆಸರು ಗಿಸರು ಏನೂ ಬೇಡ, ನೀಲಿ ಹಲಗೆಯ ಮೇಲೆ ಒಂದು ಬಿಳಿ ಬಾಣ ಇದ್ದರೆ ಸಾಕು ಎಂದು ಸಭೆಯವರೊಬ್ಬರು ಯಾರೋ ಪೇಂಟರಿಗೆ ಹೇಳಿ ಬಂದಿದ್ದರಂತೆ. ಹೇಳಿದವರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತಂತೆ. "ಇವತ್ತು ತರ್ತಾನೆ, ನಾಳೆ ತರ್ತಾನೆ ಅಂತ ಕಾಯ್ತಾನೇ ಇದ್ದೀವಿ. ಪುಣ್ಯಾತ್ಮ ಇನ್ನೂ ಬಂದಿಲ್ಲ."

ಅಕ್ಕ ನಿಧಾನವಾಗಿ ತಿರುಗಿ ನೋಡಿದಳು. ತಮ್ಮ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

"ಬರೆದಾಗಿದೆ ಸಾರ್," ಎಂದ. "ಮನೇಲೇ ಇದೆ. ಯಾರು ಹೇಳಿದ್ರು, ಎಲ್ಲಿಗೆ ಕೊಡಬೇಕು ಅನ್ನೋದು... ಆವತ್ತು ತಲೇಲಿ ಉಳೀಲಿಲ್ಲ."

ಇವನಿಗೆ ನಾಲ್ಕು ಬಾರಿಸಬೇಕೋ, ತನ್ನ ತಲೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. ದಿನಾ ಬೆಳಿಗ್ಗೆ ಆ ಬಾಣವನ್ನು ಎತ್ತಿ ಪಕ್ಕಕ್ಕಿಟ್ಟು ನೀರು ತೋಡಿಕೊಂಡವಳು ತಾನೇ. ತಮ್ಮನ ಕೈಯಿಂದ ಬ್ಯಾಗು ಕಿತ್ತುಕೊಂಡು, ಈಗಲೇ ಹೋಗಿ ಅದನ್ನು ತಂದು ಹಾಕುತ್ತೇನೆ ಎಂದು ಮೆಟ್ಟಿಲ ಕಡೆ ಹೊರಟಳು.

ಹಿರಿಯರು ತಮ್ಮನಿಗೊಂದು ಕುರ್ಚಿ ಬಿಡಿಸಿಕೊಟ್ಟು ಅವಳನ್ನು ತಡೆದರು.

"ನೀವು ತರಬೇಡಿ ತಾಯಿ. ಅವರೇ ತರಲಿ. ಅದನ್ನ ಕೊಡೋಕಾದ್ರೂ ಇನ್ನೊಂದು ಸಲ ಬರಬೇಕಲ್ಲ."